13 ಪಿನ್ ಸಾಕೆಟ್: ಫ್ರಿಜ್‌ಗೆ ವೋಲ್ಟೇಜ್ ಸಾಲುತ್ತಿಲ್ಲ

ಪ್ರಶ್ನೆ: ಕಾರಿಗೂ ಅದು ಎಳೆಯುವ ಕ್ಯಾರವಾನ್‌ಗೂ (ಮನೆಯಂಥ ಟ್ರೇಲರ್) 13 ಪಿನ್ ಸಾಕೆಟ್ ಮೂಲಕ ವೈರಿಂಗ್ ಸಂಪರ್ಕ ಇದೆ. ಎಡ ಇಂಡಿಕೇಟರ್ ಹಾಕಿದರೆ ಕ್ಯಾರವಾನ್‌ನ ಬ್ರೇಕ್ ಲೈಟೂ ಮಂದವಾಗಿ ಮಿನುಗುತ್ತದೆ. ಫ್ರಿಜ್ ಆನ್ ಮಾಡಿದಾಗ ಅದಕ್ಕೆ ಕರೆಂಟ್ ಕೊಡುವ 10ನೇ ಪಿನ್‌ನಲ್ಲಿ 10.8 ವೋಲ್ಟ್ ಅಷ್ಟೇ. ವೈರ್ 1.5 ಚದರ ಮಿ.ಮೀ.

ಉತ್ತರ 1: ಮಿನುಗುವುದಕ್ಕೆ ಕಾರಣ 3ನೇ ಪಿನ್‌ನ ಅರ್ತ್ (ಲೈಟ್‌ಗಳ ಕರೆಂಟ್ ಹಿಂದಿರುಗುವ ವೈರ್) ಸಡಿಲ. ದಾರಿ ಸಿಗದ ಕರೆಂಟ್ ಬೇರೆ ಬಲ್ಬ್‌ಗಳ ಮೂಲಕ ಹಿಂದಿರುಗುತ್ತದೆ. ಬಾಡಿಯ ಪೇಂಟ್ ಕೆರೆದು ರಿಂಗ್ ಟರ್ಮಿನಲ್ ಬಿಗಿ ಮಾಡಿ, ಮೇಲೆ ಗ್ರೀಸ್ ಹಚ್ಚಿ.

ಉತ್ತರ 2: ಫ್ರಿಜ್‌ಗೆ ಆ ವೈರ್ ತೀರಾ ತೆಳು. ಹೋಗಿಬರುವ ಉದ್ದ 12 ಮೀಟರ್, ಕರೆಂಟ್ 10 ಆಂಪ್ ಎಂದುಕೊಳ್ಳಿ: ವೈರ್‌ನಲ್ಲೇ 1.4 ವೋಲ್ಟ್ ನಷ್ಟ. 2.5 ಚದರ ಮಿ.ಮೀ. ವೈರ್‌ನಲ್ಲಿ 0.84, 4ರಲ್ಲಿ ಸುಮಾರು ಅರ್ಧ ವೋಲ್ಟ್. ಫ್ರಿಜ್‌ನ ಕರೆಂಟ್ ಹಿಂದಿರುಗುವ 11ನೇ ಪಿನ್‌ನ ಅರ್ತ್ ವೈರೂ ಅಷ್ಟೇ ದಪ್ಪ ಇರಲಿ. ಇದನ್ನೇ ಬಹಳ ಜನ ಮರೆಯುತ್ತಾರೆ.

ಉತ್ತರ 3: ಫ್ಯೂಸ್ ಬ್ಯಾಟರಿ ಪಕ್ಕದಲ್ಲೇ ಇರಬೇಕು. ಕ್ಯಾರವಾನ್ ಕಡೆ 3, 11, 13ನೇ ಪಿನ್‌ಗಳ ಅರ್ತ್‌ಗಳನ್ನು ಒಟ್ಟು ಸೇರಿಸಬೇಡಿ.