ಘಾಟಿ ಇಳಿಯುವಾಗ ಬ್ರೇಕ್ ಹಿಡಿಯುತ್ತಿಲ್ಲ: 15 ಸಾವಿರದೊಳಗೆ ಏನು ಮಾಡಿಸಬಹುದು?

ಕೆಎ14 ತುಂಗಾ:
ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿಯಿಂದ ಆಗುಂಬೆ ಘಾಟಿ ಇಳಿದು ಮಣಿಪಾಲಕ್ಕೆ ನಾನು ಆಗಾಗ ಹೋಗಬೇಕಾಗುತ್ತದೆ. ನನ್ನದು ಚಿಕ್ಕ ಕಾರು. ಮೇಲಿನ ತಿರುವುಗಳಲ್ಲಿ ಬ್ರೇಕ್ ಚೆನ್ನಾಗಿಯೇ ಹಿಡಿಯುತ್ತದೆ, ಆದರೆ ಘಾಟಿಯ ಬುಡದ ಸೋಮೇಶ್ವರ ಹತ್ತಿರವಾಗುವ ಹೊತ್ತಿಗೆ ಅದೇ ಬ್ರೇಕಿನ ಮೇಲೆ ನಂಬಿಕೆ ಉಳಿಯುವುದಿಲ್ಲ. ಎರಡು ಗ್ಯಾರೇಜುಗಳಲ್ಲಿ ತೋರಿಸಿದೆ. ಇಬ್ಬರೂ ಚಕ್ರದ ಡಿಸ್ಕನ್ನು ಒತ್ತಿ ನಿಲ್ಲಿಸುವ ಪ್ಯಾಡ್ ಇನ್ನೂ ಇದೆ, ಏನೂ ತೊಂದರೆಯಿಲ್ಲ ಎಂದು ವಾಪಸ್ ಕಳುಹಿಸಿದರು. ತೊಂದರೆ ಇಲ್ಲದಿದ್ದರೆ ಮನೆಯವರನ್ನು ಕೂರಿಸಿಕೊಂಡು ಇಳಿಯುವಾಗ ನನ್ನ ಕೈ ಏಕೆ ಬೆವರುತ್ತದೆ ಎಂಬುದಕ್ಕೆ ಅವರಲ್ಲಿ ಉತ್ತರವಿರಲಿಲ್ಲ. ನನ್ನ ಬಳಿ 15 ಸಾವಿರ ರೂಪಾಯಿ ಇದೆ. ಮುಂದೆ ದೊಡ್ಡ ಡಿಸ್ಕ್ ಹಾಕಿಸಲೋ, ತೂತುಗಳಿರುವ ಡಿಸ್ಕ್ ಹಾಕಿಸಲೋ, ಹಿಂದಿನ ಡ್ರಮ್ ಬ್ರೇಕ್ ತೆಗೆಸಿ ಅಲ್ಲಿಗೂ ಡಿಸ್ಕ್ ಹಾಕಿಸಲೋ ಎಂದು ಅನುಭವಸ್ಥರು ದಯವಿಟ್ಟು ತಿಳಿಸಬೇಕು.

ಹಾಸನ 13:
ಇದು ಪ್ಯಾಡಿನ ತೊಂದರೆ, ಬೇರೇನೂ ಅಲ್ಲ. ಪ್ಯಾಡ್ ದಪ್ಪ ಇದ್ದ ಮಾತ್ರಕ್ಕೆ ಅದು ಸರಿಯಿದೆ ಎಂದು ಅರ್ಥವಲ್ಲ. ಅಗ್ಗದ ಪ್ಯಾಡ್ ಒಮ್ಮೆ ಅತಿಯಾಗಿ ಕಾದರೆ ಅದರ ಮೈ ನುಣುಪಾಗಿ ಹೊಳೆಯತೊಡಗುತ್ತದೆ. ಆಮೇಲೆ ಎಷ್ಟು ಒತ್ತಿದರೂ ಡಿಸ್ಕನ್ನು ಕಚ್ಚುವುದಿಲ್ಲ. ಒಳ್ಳೆಯ ಕಂಪನಿಯ, ಲೋಹ ಬೆರೆತ ಸೆಮಿ ಮೆಟಾಲಿಕ್ ಪ್ಯಾಡ್ ಹಾಕಿಸಿಕೊಳ್ಳಿ, ಉಳಿದ ದುಡ್ಡು ಜೇಬಿನಲ್ಲೇ ಇರಲಿ.

ಬೆಂಗಳೂರು 05:
ಪ್ಯಾಡ್ ಬದಲಿಸುವುದರಿಂದ ಸ್ವಲ್ಪ ಅನುಕೂಲವಾಗಬಹುದು, ಆದರೆ ಮೂಲ ಕೊರತೆ ಇರುವುದು ಡಿಸ್ಕಿನ ಗಾತ್ರದಲ್ಲಿ. ನಾನು ನನ್ನ ಕಾರಿಗೆ ಅದೇ ಕಂಪನಿಯ ದೊಡ್ಡ ಮಾದರಿಯ, ಒಳಗೆ ಗಾಳಿಯಾಡುವ ವೆಂಟಿಲೇಟೆಡ್ ಡಿಸ್ಕ್, ಪ್ಯಾಡನ್ನು ಡಿಸ್ಕಿಗೆ ಒತ್ತುವ ಅದರದೇ ಕ್ಯಾಲಿಪರ್ ಮತ್ತು 15 ಇಂಚಿನ ಅಲಾಯ್ ವೀಲ್ ಹಾಕಿಸಿದ್ದೇನೆ. ಜೊತೆಗೆ ಸ್ಟೀಲ್ ಹೆಣಿಗೆಯ ಬ್ರೇಕ್ ಹೋಸ್ ಸಹ ಇದೆ. ನಂದಿ ಬೆಟ್ಟ ಇಳಿಯುವಾಗ ಒಂದೇ ಒಂದು ಸಲವೂ ಪೆಡಲ್ ಬದಲಾದದ್ದಿಲ್ಲ. ಹಳೆಯ ಬಿಡಿಭಾಗಗಳ ಅಂಗಡಿಯಲ್ಲಿ ಹುಡುಕಿದರೆ ನಿಮ್ಮ ಹಣದಲ್ಲೇ ಇದು ಸಾಧ್ಯವಾದೀತು.

ಹಳೆಯ ಸ್ಪ್ಯಾನರ್:
ತುಂಗಾ ಅವರೇ, ಏನನ್ನಾದರೂ ಕೊಳ್ಳುವ ಮೊದಲು ಕೆಲವು ವಿವರ ಬೇಕು. ಕಾರು ಯಾವ ವರ್ಷದ್ದು, ಚಕ್ರ ಎಷ್ಟು ಇಂಚಿನದು, ಬ್ರೇಕ್ ಒತ್ತಿದಾಗ ಚಕ್ರ ಜಾಮ್ ಆಗದಂತೆ ತಡೆಯುವ ಎಬಿಎಸ್ ಇದೆಯೇ? ಇಳಿಯುವಾಗ ಎಷ್ಟು ಜನ ಇರುತ್ತೀರಿ, ಯಾವ ಗೇರಿನಲ್ಲಿ ಇಳಿಯುತ್ತೀರಿ? ಬ್ರೇಕ್ ಆಯಿಲ್ ಕೊನೆಯ ಬಾರಿ ಪೂರ್ತಿ ಬದಲಾದದ್ದು ಯಾವಾಗ? ಎಲ್ಲಕ್ಕಿಂತ ಮುಖ್ಯವಾಗಿ, ಬ್ರೇಕ್ ಹಿಡಿಯದ ಹೊತ್ತಿನಲ್ಲಿ ಪೆಡಲ್ ಮೆತ್ತಗಾಗಿ ಕೆಳಗಿಳಿಯುತ್ತದೆಯೋ ಅಥವಾ ಗಟ್ಟಿಯಾಗಿಯೇ ಇದ್ದು ಗಾಡಿ ಮಾತ್ರ ನಿಲ್ಲುವುದಿಲ್ಲವೋ? ಇವೆರಡೂ ಬೇರೆ ಬೇರೆ ಕಾಯಿಲೆಗಳು, ಎರಡಕ್ಕೂ ಮದ್ದು ಬೇರೆ.

ಕೆಎ14 ತುಂಗಾ:
2014ರ ಮಾದರಿ, 13 ಇಂಚಿನ ಚಕ್ರ, ಎಬಿಎಸ್ ಇಲ್ಲ. ಐದು ಜನ ಮತ್ತು ಸಾಮಾನು ಇರುತ್ತದೆ. ಸ್ವಲ್ಪ ಸುಟ್ಟ ವಾಸನೆಯೂ ಬರುತ್ತದೆ. ಗೇರಿನ ವಿಚಾರ ಇಲ್ಲಿ ಏಕೆ ಬಂತು ಎಂದು ನನಗೆ ತಿಳಿಯಲಿಲ್ಲ. ಎಲ್ಲರೂ ಇಳಿಯುವಂತೆ ಮೂರರಲ್ಲೋ ನಾಲ್ಕರಲ್ಲೋ ಇಳಿಯುತ್ತೇನೆ. ನನ್ನ ಪ್ರಶ್ನೆ ಇದ್ದದ್ದು ಬ್ರೇಕಿನ ಬಗ್ಗೆ.

ಹಾಸನ 13:
ಸುಟ್ಟ ವಾಸನೆ ಎಂದಿರಲ್ಲವೇ, ಅಲ್ಲಿಗೆ ಮುಗಿಯಿತು. ಅದು ಪ್ಯಾಡಿನ ಅಂಟು ಕಾಯುವ ವಾಸನೆ. ನಾನು ಮೊದಲ ಉತ್ತರದಲ್ಲೇ ಹೇಳಿದ್ದು ಇದನ್ನೇ.

ಉಡುಪಿ 20:
ಬೆಂಗಳೂರಿನವರ ಸಲಹೆಯನ್ನು ಪಾಲಿಸುವ ಮೊದಲು ಕಾನೂನನ್ನೂ ನೋಡಿ. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ತಯಾರಕರು ಮೂಲತಃ ನಿಗದಿಪಡಿಸಿದ ವಿವರಗಳಿಗೆ ಹೊಂದದಂತೆ ವಾಹನವನ್ನು ಬದಲಿಸುವಂತಿಲ್ಲ; 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಸಹ ಇದನ್ನು ಎತ್ತಿಹಿಡಿದಿದೆ. ನಾಳೆ ಅಪಘಾತವಾದರೆ ವಿಮೆಯವರು ಕೇಳುವ ಮೊದಲ ಪ್ರಶ್ನೆ ಇದೇ ಆಗಬಹುದು.

ಬೆಂಗಳೂರು 05:
ಆ ಕಲಮು ಹೇಳುವುದು ನೋಂದಣಿ ಪತ್ರದಲ್ಲಿರುವ ವಿವರಗಳ ಬಗ್ಗೆ. ನೋಂದಣಿ ಪತ್ರದಲ್ಲಿ ಡಿಸ್ಕಿನ ಅಳತೆ ಎಲ್ಲಿ ಬರೆದಿದೆ, ತೋರಿಸಿ. ನಾನು ಹಾಕಿಸಿದ್ದು ಅದೇ ಕಂಪನಿಯ ಅಸಲಿ ಭಾಗ, ಬೀದಿಬದಿಯ ಮಾಲಲ್ಲ.

ಉಡುಪಿ 20:
ಅಸಲಿ ಭಾಗ ನಿಜ, ಆದರೆ ಬೇರೆ ಮಾದರಿಗಾಗಿ ಮಾಡಿದ್ದು. ಆ ಮಾದರಿಯಲ್ಲಿ ಪೆಡಲಿನ ಒತ್ತಡವನ್ನು ಆಯಿಲಿಗೆ ಕೊಡುವ ಮಾಸ್ಟರ್ ಸಿಲಿಂಡರ್, ಹಿಂದಿನ ಚಕ್ರದ ಒತ್ತಡದ ಹಂಚಿಕೆ ಎಲ್ಲವೂ ಬೇರೆ ಇರುತ್ತದೆ. ಬ್ರೇಕಿನ ವಿಷಯದಲ್ಲಿ ನಡೆದುಹೋಗುತ್ತದೆ ಎಂಬ ಮಾತನ್ನು ನಾನು ಒಪ್ಪಲಾರೆ.

ಹಳೆಯ ಸ್ಪ್ಯಾನರ್:
ಕಾನೂನಿನ ಚರ್ಚೆಯನ್ನು ದಯವಿಟ್ಟು ಪ್ರತ್ಯೇಕವಾಗಿ ಮುಂದುವರಿಸಿ, ಇಲ್ಲಿ ಒಂದು ಕುಟುಂಬದ ಸುರಕ್ಷತೆಯ ಪ್ರಶ್ನೆಯಿದೆ. ತುಂಗಾ ಅವರೇ, ಗೇರಿನ ವಿಚಾರ ಏಕೆ ಬಂತು ಎಂದು ಕೇಳಿದ್ದೀರಿ, ಅದಕ್ಕೆ ಲೆಕ್ಕ ಕೊಡುತ್ತೇನೆ. ಐದು ಜನ ಮತ್ತು ಸಾಮಾನು ಸೇರಿ ನಿಮ್ಮ ಕಾರಿನ ತೂಕ ಸುಮಾರು 1,300 ಕಿಲೋ ಎಂದು ಹಿಡಿಯೋಣ. ಆಗುಂಬೆಯಿಂದ ಸೋಮೇಶ್ವರಕ್ಕೆ ಇಳಿಯುವ ಎತ್ತರ ಸುಮಾರು 500 ಮೀಟರ್ ಎಂದಿಟ್ಟುಕೊಳ್ಳಿ. ಅಷ್ಟು ಇಳಿಯುವಾಗ ಹೇಗಾದರೂ ಕರಗಿಸಲೇಬೇಕಾದ ಶಕ್ತಿ ಸುಮಾರು 64 ಲಕ್ಷ ಜೂಲ್. ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿರುವ ಇದೇ ಕಾರನ್ನು ಒಮ್ಮೆ ಪೂರ್ತಿ ನಿಲ್ಲಿಸಲು ಬೇಕಾಗುವುದು 5 ಲಕ್ಷ ಜೂಲ್ ಮಾತ್ರ. ಘಾಟಿಯ ಆ 64 ಲಕ್ಷ ಜೂಲ್ ಎಂದರೆ ಬಚ್ಚಲ ಹಂಡೆಯಲ್ಲಿ 20 ಲೀಟರ್ ತಣ್ಣೀರನ್ನು ಕುದಿಯುವ ತನಕ ಕಾಯಿಸುವಷ್ಟು ಬಿಸಿ. ಇದರಲ್ಲಿ ಗಾಳಿ ಮತ್ತು ಟೈರು ಸ್ವಲ್ಪ ಪಾಲು ತೆಗೆದುಕೊಳ್ಳುತ್ತವೆ. ಉಳಿದದ್ದನ್ನು ಎಂಜಿನ್ ಮತ್ತು ಬ್ರೇಕ್ ಹಂಚಿಕೊಳ್ಳಬೇಕು. ನಾಲ್ಕನೇ ಗೇರಿನಲ್ಲಿ ಇಳಿದರೆ ಎಂಜಿನ್ ಹೊರುವ ಪಾಲು ತೀರ ಕಡಿಮೆ, ಹಾಗಾಗಿ ಬಹುಪಾಲು ಭಾರ ಮುಂದಿನ ಎರಡು ಚಿಕ್ಕ ಡಿಸ್ಕುಗಳ ಮೇಲೆ ಬೀಳುತ್ತದೆ. ಘಾಟಿ ಹತ್ತುವ ಗೇರಿನಲ್ಲೇ ಇಳಿಯಬೇಕು ಎಂದು ಹಳೆಯ ಲಾರಿ ಚಾಲಕರು ಹೇಳುತ್ತಿದ್ದದ್ದು ಈ ಕಾರಣಕ್ಕೆ.

ಇನ್ನು ಬ್ರೇಕ್ ಆಯಿಲ್. ಪೆಡಲಿನ ಒತ್ತಡವನ್ನು ಚಕ್ರಗಳಿಗೆ ಒಯ್ಯುವ ಅದು ಗಾಳಿಯ ತೇವವನ್ನು ಹೀರಿಕೊಳ್ಳುವ ದ್ರವ. ಡಾಟ್ 3 ದರ್ಜೆಯ ಆಯಿಲ್ ಹೊಸದಿದ್ದಾಗ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬ ನಿಯಮವಿದೆ. ಅದರಲ್ಲಿ ಶೇಕಡಾ 3.7ರಷ್ಟು ನೀರು ಸೇರಿದರೆ ಈ ಮಿತಿ 140 ಡಿಗ್ರಿಗೆ ಇಳಿಯುತ್ತದೆ. ಡಾಟ್ 4ಕ್ಕೆ ಇವೇ ಅಂಕಿಗಳು 230 ಮತ್ತು 155. ಕ್ಯಾಲಿಪರಿನೊಳಗೆ ಆಯಿಲ್ ಕುದಿದು ಆವಿಯಾದರೆ ನೀವು ಪೆಡಲಿನಿಂದ ಒತ್ತುವುದು ಆ ಆವಿಯನ್ನು, ಪ್ಯಾಡನ್ನಲ್ಲ. ನಮ್ಮ ಮಲೆನಾಡಿನ ಮಳೆಗಾಲದ ತೇವವನ್ನು ನೆನೆದರೆ ಎರಡು ವರ್ಷಕ್ಕೊಮ್ಮೆ ಆಯಿಲ್ ಬದಲಿಸುವುದು ಅತಿಯಾದ ಕಾಳಜಿ ಅಲ್ಲವೇ ಅಲ್ಲ. ಪೆಡಲ್ ಮೆತ್ತಗೋ ಗಟ್ಟಿಯೋ ಎಂಬ ಪ್ರಶ್ನೆಗೆ ನೀವು ಇನ್ನೂ ಉತ್ತರಿಸಿಲ್ಲ. ಉತ್ತರ ಯಾವುದೇ ಇರಲಿ, ಇದು ಸರಿಯಾಗುವವರೆಗೆ ಆ ಕಾರಿನಲ್ಲಿ ಘಾಟಿ ಇಳಿಯಬೇಡಿ ಎಂದು ಕೇಳಿಕೊಳ್ಳುತ್ತೇನೆ.

ಕೆಎ14 ತುಂಗಾ:
ಪೆಡಲ್ ಮೆತ್ತಗಾಗುತ್ತದೆ, ಸರ್. ಎರಡು ಮೂರು ಸಲ ಬೇಗ ಬೇಗ ಒತ್ತಿದರೆ ಸ್ವಲ್ಪ ಮೇಲೆ ಬರುತ್ತದೆ. ಸೋಮೇಶ್ವರದಲ್ಲಿ ಗಾಡಿ ನಿಲ್ಲಿಸಿ ಚಹಾ ಕುಡಿದು ಹೊರಟರೆ ಎಲ್ಲವೂ ಮೊದಲಿನಂತೆ ಇರುತ್ತದೆ. ಗ್ಯಾರೇಜಿನವರಿಗೆ ತೋರಿಸುವಾಗ ಏನೂ ಕಾಣದಿದ್ದದ್ದು ಇದಕ್ಕೇ ಇರಬೇಕು. ಸರ್ವಿಸ್ ಬಿಲ್ಲುಗಳನ್ನು ತೆಗೆದು ನೋಡಿದೆ; ಆಯಿಲ್ ಮೇಲಿಂದ ತುಂಬಿಸಿದ್ದು ಮಾತ್ರ ಇದೆ, ಬದಲಿಸಿದ್ದು ಎಲ್ಲೂ ಇಲ್ಲ. ಡಬ್ಬಿಯಲ್ಲಿ ಅದರ ಬಣ್ಣ ಕಡು ಕಂದು.

ಹಾಸನ 13:
ತಣ್ಣಗಾದ ಮೇಲೆ ಸರಿಹೋಗುವುದು ಪ್ಯಾಡ್ ಸೋತಾಗಲೂ ಆಗುತ್ತದೆ. ಅದರಿಂದ ಆಯಿಲಿನ ತಪ್ಪು ಸಾಬೀತಾಗುವುದಿಲ್ಲ. ವಾಸನೆಗೆ ನಿಮ್ಮ ಬಳಿ ಏನು ಉತ್ತರವಿದೆ?

ಹಳೆಯ ಸ್ಪ್ಯಾನರ್:
ವಾಸನೆ ಪ್ಯಾಡಿನದೇ, ಅದರಲ್ಲಿ ನನಗೆ ಭಿನ್ನಾಭಿಪ್ರಾಯವಿಲ್ಲ. ಪ್ಯಾಡ್ ಕಾದಿದೆ, ಆ ಕಾವು ಕ್ಯಾಲಿಪರಿಗೆ ಹರಿದು ಆಯಿಲನ್ನೂ ತಲುಪಿದೆ. ಆದರೆ ಪ್ಯಾಡ್ ಮಾತ್ರ ಸೋತಿದ್ದರೆ ಪೆಡಲ್ ಗಟ್ಟಿಯಾಗಿಯೇ ನಿಲ್ಲಬೇಕಿತ್ತು. ಪೆಡಲ್ ಕೆಳಗಿಳಿದು, ಬೇಗ ಬೇಗ ಒತ್ತಿದಾಗ ಮೇಲೆ ಬಂದು, ತಣ್ಣಗಾದ ಮೇಲೆ ಸರಿಹೋಗುತ್ತದೆ ಎಂದರೆ ಆಯಿಲ್ ಕುದಿಯುತ್ತಿದೆ ಎಂದೇ ನಾನು ಹೇಳುತ್ತೇನೆ. ಆಯಿಲ್ ಹಳೆಯದಾಗಿರುವಾಗ ಎಷ್ಟು ಒಳ್ಳೆಯ ಪ್ಯಾಡ್ ಹಾಕಿದರೂ ಈ ತೊಂದರೆ ಉಳಿದೇ ಉಳಿಯುತ್ತದೆ.

ಆದ್ದರಿಂದ ನಿಮ್ಮ ಹಣವನ್ನು ಹೀಗೆ ಬಳಸಿ. ಮೊದಲು ಕಾರಿನಲ್ಲಿರುವ ಬ್ರೇಕ್ ಆಯಿಲ್ ಡಬ್ಬಿಯ ಮುಚ್ಚಳದ ಮೇಲೆ ಯಾವ ಆಯಿಲ್ ಎಂದು ಬರೆದಿದೆ ನೋಡಿ. ಡಾಟ್ 3 ಎಂದಿದ್ದರೆ ಡಾಟ್ 4 ಹಾಕಿಸಬಹುದು, ಎರಡೂ ಗ್ಲೈಕಾಲ್ ಜಾತಿಯವೇ. ಡಾಟ್ 5 ಮಾತ್ರ ಯಾವ ಕಾರಣಕ್ಕೂ ಬೇಡ, ಅದು ಸಿಲಿಕೋನ್, ಇವುಗಳೊಂದಿಗೆ ಬೆರೆಯುವುದಿಲ್ಲ. ಅಂಗಡಿಯಿಂದ ಸೀಲ್ ಒಡೆಯದ ಹೊಸ ಆಯಿಲ್ ಡಬ್ಬಿಯನ್ನೇ ತನ್ನಿ. ನಾಲ್ಕೂ ಚಕ್ರಗಳಲ್ಲಿ ಹಳೆಯ ಆಯಿಲ್ ಪೂರ್ತಿ ಹೊರಬಂದು ಹೊಸದರ ತಿಳಿ ಬಣ್ಣ ಕಾಣುವ ತನಕ ಬ್ಲೀಡ್ ಮಾಡಿಸಿ, ಮತ್ತು ಆ ಹೊತ್ತಿನಲ್ಲಿ ನೀವು ಪಕ್ಕದಲ್ಲೇ ನಿಂತಿರಿ. ಎರಡನೆಯದಾಗಿ, ಕ್ಯಾಲಿಪರ್ ಬಿಚ್ಚಿಸಿ ಅದು ಜಾರುವ ಪಿನ್ನುಗಳು ಕೈಯಲ್ಲೇ ಸರಾಗವಾಗಿ ಓಡಾಡುತ್ತವೆಯೇ ಎಂದು ನೋಡಿಸಿ. ಪಿನ್ ಕಚ್ಚಿಕೊಂಡಿದ್ದರೆ ಕಾಲು ತೆಗೆದ ಮೇಲೂ ಪ್ಯಾಡ್ ಡಿಸ್ಕಿಗೆ ಉಜ್ಜುತ್ತಲೇ ಇರುತ್ತದೆ, ಘಾಟಿ ಶುರುವಾಗುವ ಮೊದಲೇ ಆ ಚಕ್ರ ಕಾದಿರುತ್ತದೆ. ರಬ್ಬರ್ ಹೋಸಿನಲ್ಲಿ ಬಿರುಕಿದ್ದರೆ ಅದನ್ನೂ ಬದಲಿಸಿ. ಪ್ಯಾಡ್ ಮೂರನೆಯದು, ಆ ವಿಷಯದಲ್ಲಿ ಹಾಸನದವರ ಸಲಹೆಯನ್ನೇ ಪಾಲಿಸಬಹುದು, ಆದರೆ ರೇಸಿಗೆಂದು ಮಾಡಿದ ಪ್ಯಾಡ್ ಬೇಡ, ಅದು ತಣ್ಣಗಿರುವಾಗ ಸರಿಯಾಗಿ ಹಿಡಿಯುವುದಿಲ್ಲ.

ನೀವು ಕೇಳಿದ ಮೂರೂ ಭಾಗಗಳನ್ನು ನಾನು ಬೇಡವೆನ್ನುತ್ತೇನೆ. ತೂತಿನ ಡಿಸ್ಕಿನಲ್ಲಿ ಬಿಸಿ ಹೊರುವ ಲೋಹವೇ ಕಡಿಮೆ, ತೂತಿನ ಅಂಚಿನಿಂದ ಬಿರುಕು ಹುಟ್ಟುವ ಭಯ ಬೇರೆ. ಜೋರಾಗಿ ಬ್ರೇಕ್ ಒತ್ತಿದಾಗ ಕಾರಿನ ಭಾರ ಮುಂದಕ್ಕೆ ಬರುವುದರಿಂದ ಹಿಂದಿನ ಚಕ್ರಗಳ ಪಾಲು ಹೇಗೂ ಚಿಕ್ಕದು, ಅಲ್ಲಿಗೆ ಡಿಸ್ಕ್ ಹಾಕಿಸಿದರೆ ಹ್ಯಾಂಡ್ ಬ್ರೇಕಿಗೂ ಹೊಸ ವ್ಯವಸ್ಥೆ ಬೇಕಾಗುತ್ತದೆ. ದೊಡ್ಡ ಡಿಸ್ಕ್ ಬಿಸಿಯನ್ನು ಹೆಚ್ಚು ಹೊರುತ್ತದೆ ಎಂಬುದು ನಿಜ, ಬೆಂಗಳೂರಿನವರಿಗೆ ಅದರಿಂದ ಅನುಕೂಲವಾಗಿರುವುದೂ ನಿಜ. ಆದರೆ 13 ಇಂಚಿನ ಚಕ್ರದೊಳಗೆ ಅದಕ್ಕೆ ಜಾಗವಿರುವುದಿಲ್ಲ, ಚಕ್ರ ಮತ್ತು ಟೈರು ಸೇರಿದರೆ ನಿಮ್ಮ 15 ಸಾವಿರ ಸಾಲುವುದಿಲ್ಲ.

ಮೈಸೂರು 09:
ಕಡಿಮೆ ಗೇರಿನಲ್ಲಿ ಇಳಿದರೆ ಎಂಜಿನ್ ಕೂಗುತ್ತದೆ, ಪೆಟ್ರೋಲ್ ವ್ಯರ್ಥವಾಗುತ್ತದೆ. ನಾನು ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡಿಯೇ ಇಳಿಯುವುದು, ಇದುವರೆಗೆ ಏನೂ ಆಗಿಲ್ಲ.

ಉಡುಪಿ 20:
ದಯವಿಟ್ಟು ಇಂಥ ಸಲಹೆ ಕೊಡಬೇಡಿ. ಫ್ಯುಯೆಲ್ ಇಂಜೆಕ್ಷನ್ ಇರುವ ಕಾರಿನಲ್ಲಿ ಗೇರಿನಲ್ಲಿದ್ದು ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಪೆಟ್ರೋಲ್ ಹರಿಯುವುದೇ ನಿಲ್ಲುತ್ತದೆ, ಚಕ್ರಗಳೇ ಎಂಜಿನ್ನನ್ನು ತಿರುಗಿಸುತ್ತವೆ. ನ್ಯೂಟ್ರಲ್ ಮಾಡಿದರೆ ಎಂಜಿನ್ ಆರದಂತೆ ಪೆಟ್ರೋಲ್ ಸುರಿಯುತ್ತಲೇ ಇರಬೇಕು. ಅಂದರೆ ಉಳಿತಾಯವೂ ಇಲ್ಲ, ಎಂಜಿನ್ನಿನ ಹಿಡಿತವೂ ಇಲ್ಲ.

ಮೈಸೂರು 09:
ನನ್ನದು ಕಾರ್ಬ್ಯುರೇಟರ್ ಇರುವ ಹಳೆಯ ಗಾಡಿ, ಫ್ಯುಯೆಲ್ ಇಂಜೆಕ್ಷನ್ ಇಲ್ಲ.

ಉಡುಪಿ 20:
ಹಾಗಿದ್ದರೆ ಪೆಟ್ರೋಲಿನ ಮಾತು ಬಿಡೋಣ, ಬ್ರೇಕಿನ ಮಾತು ನಿಮ್ಮ ಗಾಡಿಗೂ ಅಷ್ಟೇ ಸಲ್ಲುತ್ತದೆ.

ಕೆಎ14 ತುಂಗಾ:
ಕೆಲಸ ಮಾಡಿಸಿದೆ. ಮುಚ್ಚಳದ ಮೇಲೆ ಡಾಟ್ 3 ಎಂದಿತ್ತು, ಡಾಟ್ 4 ಹಾಕಿಸಿದೆ. ಮುಂದಿನ ಎಡ ಕ್ಯಾಲಿಪರಿನ ಕೆಳಗಿನ ಪಿನ್ ತುಕ್ಕು ಹಿಡಿದು ಅಲುಗಾಡುತ್ತಲೇ ಇರಲಿಲ್ಲ. ಆ ಬದಿಯ ಒಳಗಿನ ಪ್ಯಾಡ್ ಹೊರಗಿನದರ ಅರ್ಧದಷ್ಟು ಮಾತ್ರ ಉಳಿದಿತ್ತು. ಚಕ್ರ ಬಿಚ್ಚದೆ ಹೊರಗಿನಿಂದ ಇಣುಕಿದವರಿಗೆ ಅದು ಕಂಡಿರಲಿಕ್ಕಿಲ್ಲ. ಎರಡೂ ಕಡೆಯ ಪಿನ್, ಅದರ ರಬ್ಬರ್, ಮುಂದಿನ ಪ್ಯಾಡುಗಳು, ಎರಡು ಹೋಸ್ ಎಲ್ಲ ಹೊಸದು. 15 ಸಾವಿರದಲ್ಲಿ ಅರ್ಧಕ್ಕಿಂತ ಹೆಚ್ಚು ಉಳಿದಿದೆ. ಮೊದಲು ಒಬ್ಬನೇ, ಖಾಲಿ ಗಾಡಿಯಲ್ಲಿ ಎರಡನೇ ಗೇರಿನಲ್ಲಿ ಇಳಿದು ನೋಡಿದೆ. ಸೋಮೇಶ್ವರದವರೆಗೂ ಪೆಡಲ್ ಒಂದೇ ಎತ್ತರದಲ್ಲಿತ್ತು. ಆದರೆ ಹ್ಯಾಂಡ್ ಬ್ರೇಕ್ ಈಗಲೂ ತುಂಬ ಮೇಲೆಳೆಯಬೇಕು, ಬೆಳಗಿನ ಮೊದಲ ಒತ್ತಿಗೆ ಪೆಡಲ್ ಸ್ವಲ್ಪ ಆಳಕ್ಕೆ ಹೋಗುತ್ತದೆ. ಉಳಿದ ಹಣದಲ್ಲಿ ಈಗಲಾದರೂ ಹಿಂದಕ್ಕೆ ಡಿಸ್ಕ್ ಹಾಕಿಸಬಹುದೇ?

ಹಾಸನ 13:
ಒಳಗಿನ ಪ್ಯಾಡ್ ಸವೆದಿದ್ದದ್ದನ್ನು ಎಲ್ಲರೂ ಗಮನಿಸಬೇಕೆಂದು ಕೋರುತ್ತೇನೆ. ಹೊಸ ಪ್ಯಾಡನ್ನು ಡಿಸ್ಕಿಗೆ ಹೊಂದಿಸಿಕೊಳ್ಳಿ: ಖಾಲಿ ರಸ್ತೆಯಲ್ಲಿ ಗಂಟೆಗೆ 60 ಕಿಲೋಮೀಟರಿನಿಂದ 10ಕ್ಕೆ, ಪೂರ್ತಿ ನಿಲ್ಲಿಸದೆ, ಎಂಟು ಹತ್ತು ಸಲ ಹದವಾಗಿ ಇಳಿಸಿ, ಆಮೇಲೆ ಬ್ರೇಕ್ ಒತ್ತದೆ ಸ್ವಲ್ಪ ದೂರ ಓಡಿಸಿ ತಣಿಸಿ.

ಚಿಕ್ಕಮಗಳೂರು 18:
ಕ್ಷಮಿಸಿ, ನನ್ನ ಕಾರಿನಲ್ಲಿ 80ರ ವೇಗದಲ್ಲಿ ಬ್ರೇಕ್ ಒತ್ತಿದರೆ ಸ್ಟೀರಿಂಗ್ ನಡುಗುತ್ತದೆ. ನಾನೂ ಡಾಟ್ 4 ಹಾಕಿಸಬೇಕೇ?

ಹಳೆಯ ಸ್ಪ್ಯಾನರ್:
ಚಿಕ್ಕಮಗಳೂರಿನವರೇ, ನಿಮ್ಮದು ಬೇರೆ ತೊಂದರೆ. ಡಿಸ್ಕಿನ ದಪ್ಪ ಎಲ್ಲ ಕಡೆ ಒಂದೇ ಇಲ್ಲದಿದ್ದರೆ ಹಾಗಾಗುತ್ತದೆ. ದಪ್ಪವನ್ನು ಅಳೆಸಿ, ಡಿಸ್ಕಿನ ಮೇಲೆ ಕೆತ್ತಿರುವ ಕನಿಷ್ಠ ದಪ್ಪದೊಂದಿಗೆ ಹೋಲಿಸಿ, ವಿವರಗಳೊಂದಿಗೆ ಪ್ರತ್ಯೇಕ ಚರ್ಚೆ ಆರಂಭಿಸಿ.

ತುಂಗಾ ಅವರೇ, ನೀವು ಹೇಳಿದ ಎರಡೂ ಲಕ್ಷಣಗಳು, ಡ್ರಮ್ಮಿನ ಒಳಮೈಗೆ ಒತ್ತಿ ಹಿಡಿಯುವ ಹಿಂದಿನ ಬ್ರೇಕ್ ಶೂ ಆ ಡ್ರಮ್ಮಿನಿಂದ ದೂರ ಸರಿದಿರುವುದನ್ನು ತೋರಿಸುತ್ತವೆ, ಡಿಸ್ಕಿನ ಅಗತ್ಯವೇ ಇಲ್ಲ. ಗ್ಯಾರೇಜಿನವರು ಹ್ಯಾಂಡ್ ಬ್ರೇಕ್ ಕೇಬಲನ್ನು ಬಿಗಿ ಮಾಡಿ ಕೊಡುತ್ತೇವೆ ಎಂದರೆ ಮೊದಲೇ ಒಪ್ಪಬೇಡಿ. ಡ್ರಮ್ ಬಿಚ್ಚಿಸಿ, ಶೂವಿನ ದಪ್ಪ ಮತ್ತು ಚಕ್ರದ ಸಿಲಿಂಡರಿನಲ್ಲಿ ಸೋರಿಕೆ ಇದೆಯೇ ಎಂದು ನೋಡಿ, ತಾನಾಗಿ ಹೊಂದಿಕೊಳ್ಳುವ ಅಡ್ಜಸ್ಟರ್ ತುಕ್ಕು ಹಿಡಿದಿದ್ದರೆ ಬಿಡಿಸಿ, ಶೂ ಸರಿಯಾಗಿ ಹೊಂದಿದ ನಂತರವಷ್ಟೇ ಕೇಬಲಿಗೆ ಕೈ ಹಾಕಲು ಹೇಳಿ. ಒಳಗಿನ ಧೂಳನ್ನು ಗಾಳಿ ಪೈಪಿನಿಂದ ಊದಿಸಬೇಡಿ, ಒದ್ದೆ ಬಟ್ಟೆಯಿಂದ ಒರೆಸಲಿ. ಹಳೆಯ ಶೂಗಳ ಧೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಇಷ್ಟಾದ ಮೇಲೆ ಐದೂ ಜನರನ್ನು ಕೂರಿಸಿಕೊಂಡು ಇಳಿಯುವ ಮೊದಲು ಸಾಮಾನು ಮಾತ್ರ ತುಂಬಿ ಇನ್ನೊಮ್ಮೆ ಒಬ್ಬರೇ ಇಳಿದು ನೋಡಿ, ಕೆಳಗೆ ತಲುಪಿದ ಕೂಡಲೇ ಎಡ ಮತ್ತು ಬಲ ಚಕ್ರಗಳ ಹತ್ತಿರ ಮುಟ್ಟದಂತೆ ಕೈ ಹಿಡಿದು ಕಾವಿನಲ್ಲಿ ವ್ಯತ್ಯಾಸವಿದೆಯೇ ಎಂದು ಇಲ್ಲಿ ಬರೆಯಿರಿ.