ನನ್ನ ಬರಹದ ಅರ್ಧ ಮಾತ್ರ ಊರೆಲ್ಲಾ ಹರಿದಾಡುತ್ತಿದೆ. ಅಳಿಸಲೇ, ಉತ್ತರ ಕೊಡಲೇ?

ತೋಟದಕ್ಕ, ನಾಪೋಕ್ಲು:

ಎಲ್ಲರಿಗೂ ನಮಸ್ಕಾರ. ನಮ್ಮದು ಹನ್ನೆರಡು ಎಕರೆ ಕಾಫಿ ತೋಟ. ಬಹುಪಾಲು ರೋಬಸ್ಟಾ, ಮನೆ ಹತ್ತಿರ ಒಂದಿಷ್ಟು ಅರೇಬಿಕಾ. ಏಳು ವರ್ಷದಿಂದ ನನ್ನ ಪುಟದಲ್ಲಿ ದಿನಚರಿಯ ಹಾಗೆ ಬರೆದುಕೊಂಡು ಬಂದಿದ್ದೇನೆ. ಕಕ್ಕಡ ತಿಂಗಳ ಹದಿನೆಂಟಕ್ಕೆ ಮದ್ದುಸೊಪ್ಪಿನ ಪಾಯಸ ಮಾಡಿದ್ದು, ಅಡುಗೆಯ ಹುಳಿಗೆ ಕಾಚಂಪುಳಿ ಕಾಯಿಸಿದ್ದು, ಮೆಣಸಿನ ಬಳ್ಳಿಗೆ ಸೊರಗು ರೋಗ ಬಂದು ಅರ್ಧ ತೋಟ ಒಣಗಿದ್ದು, ಇಂಥವೇ. ಓದುವವರು ನೂರೋ ನೂರೈವತ್ತೋ. ಹೆಚ್ಚಿನವರ ಮುಖ ಪರಿಚಯ ನನಗಿದೆ.

ಕಳೆದ ತಿಂಗಳು ಕುಯ್ಲಿನ ಸಮಯದಲ್ಲಿ ಒಂದು ಬರಹ ಹಾಕಿದೆ. ಸಂಜೆ ಚೀಲಗಳ ತೂಕ ಆಗುತ್ತಿತ್ತು. ಅಸ್ಸಾಮಿನಿಂದ ಬಂದ ಒಬ್ಬ ಹೆಂಗಸಿನ ಮಗಳು, ನಾಲ್ಕು ವರ್ಷದವಳು, ಅಡುಗೆ ಮನೆ ಹಿಂಬಾಗಿಲಿಗೆ ಬಂದು ನಿಂತಳು. ಆಗ ತಾನೆ ಅಕ್ಕಿತರಿಯ ಪಾಪುಟ್ಟು ಬೇಯಿಸಿ ಇಳಿಸಿದ್ದೆ. ಒಂದು ತುಂಡು ಕತ್ತರಿಸಿ ಮೇಲೆ ಜೇನು ಬಿಟ್ಟು ಕೊಟ್ಟೆ. ಕೊಟ್ಟದ್ದು ತಟ್ಟೆಯಲ್ಲಿ ಅಲ್ಲ, ಡಬ್ಬಿಯ ಮುಚ್ಚಳದಲ್ಲಿ. ತಟ್ಟೆಗಳ ಸ್ಟ್ಯಾಂಡು ಕೈಗೆಟುಕುವಷ್ಟು ಹತ್ತಿರ ಇತ್ತು. ನನ್ನ ಅಜ್ಜಿ ಕೆಲಸದವರಿಗೆಂದು ಸೌದೆ ಕೊಟ್ಟಿಗೆಯ ಗೋಡೆಗೆ ಸಿಕ್ಕಿಸಿಡುತ್ತಿದ್ದ ತಗಡಿನ ತಟ್ಟೆ ನನಗೆ ನೆನಪಿದೆ. ಆ ತಟ್ಟೆ ಹೋಗಿ ನಲವತ್ತು ವರ್ಷವಾದರೂ ಕೈಯ ಅಭ್ಯಾಸ ಹೋಗಿಲ್ಲ ಎಂದು ಬರೆದೆ. ಮಗು ತಿಂದು ಮುಗಿಸಿ, ಹೊರಗಿನ ನಲ್ಲಿಯಲ್ಲಿ ಮುಚ್ಚಳ ತೊಳೆದು, ಮೆಟ್ಟಿಲ ಮೇಲೆ ಬೋರಲು ಇಟ್ಟು ಹೋಗಿತ್ತು. ಅದನ್ನು ನೋಡಿದ ಮೇಲೆ ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ. ಇದೂ ಬರಹದಲ್ಲಿತ್ತು.

ಯಾರೋ ಮೊದಲ ಭಾಗವನ್ನಷ್ಟೇ ಸ್ಕ್ರೀನ್‌ಶಾಟ್ ತೆಗೆದಿದ್ದಾರೆ. "ಒಳಗಿನ ತಟ್ಟೆ ಕೊಡಲು ಕೈ ಬರಲಿಲ್ಲ" ಎಂಬ ವಾಕ್ಯಕ್ಕೆ ಚಿತ್ರ ಮುಗಿಯುತ್ತದೆ. ಪಕ್ಕದಲ್ಲಿ ನನ್ನ ಅಣ್ಣನ ಮಗಳ ಮದುವೆಯಲ್ಲಿ ತೆಗೆದ ನನ್ನ ಫೋಟೋ, ಕೊಡವ ಸೀರೆ, ಕತ್ತಿನ ತುಂಬ ಒಡವೆ. ಮೇಲೆ "ಮಾಲಕಿಯ ದರ್ಪ ನೋಡಿ" ಎಂದು ಬರೆದಿದ್ದಾರೆ. ಹತ್ತು ದಿನದಲ್ಲಿ ಅದು ನನಗೇ ಐದು ಕಡೆಯಿಂದ ಬಂತು. ಹೊರಗಿನವರು ನನ್ನನ್ನು ಕಲ್ಲೆದೆಯವಳು ಅನ್ನುತ್ತಿದ್ದಾರೆ. ನಮ್ಮ ಒಕ್ಕದವರು, ಅಂದರೆ ಮನೆತನದವರು, ಇನ್ನೊಂದು ಕಡೆಯಿಂದ, ಅಜ್ಜಿಯ ಹೆಸರು ತಂದು ಮನೆತನದ ಮರ್ಯಾದೆ ಕಳೆದೆ ಅನ್ನುತ್ತಿದ್ದಾರೆ. ಮೊನ್ನೆ ವಿರಾಜಪೇಟೆ ಅಂಗಡಿಯಲ್ಲಿ ಇಬ್ಬರು ಹೆಂಗಸರು ನನ್ನ ಮುಖ ನೋಡಿ ಫೋನ್ ನೋಡಿದರು. ಸಕ್ಕರೆ ತೆಗೆದುಕೊಳ್ಳುವುದನ್ನೂ ಮರೆತು ಬಂದೆ.

ಅಳಿಸಿಬಿಡಲೇ? ಪೂರ್ತಿ ಓದಿ ಎಂದು ಉತ್ತರ ಬರೆಯಲೇ? ಆ ಫೋಟೋ ತೆಗೆಸಲು ದಾರಿ ಇದೆಯೇ? ಸುಳ್ಳು ಹೇಳಿದ್ದರೆ ಎದುರಿಸುವುದು ಸುಲಭವಿತ್ತು. ಅವರು ಹಾಕಿರುವ ವಾಕ್ಯ ನಾನೇ ಬರೆದದ್ದು, ನಿಜವೂ ಹೌದು. ಅದೇ ನನಗೆ ಕಷ್ಟವಾಗಿರುವುದು.

ಮಕ್ಕಂದೂರಿನವ:

ಅಕ್ಕಾ, ಅಳಿಸಬೇಡಿ. ನಾನು ಅಳಿಸಿ ಅನುಭವಿಸಿದವನು.

2018ರ ಆಗಸ್ಟ್‌ನಲ್ಲಿ ಗುಡ್ಡ ಜಾರಿದಾಗ ನಾವು ಉಟ್ಟ ಬಟ್ಟೆಯಲ್ಲಿ ಮಡಿಕೇರಿಯ ಪರಿಹಾರ ಕೇಂದ್ರಕ್ಕೆ ಬಂದೆವು. ಅಲ್ಲಿಗೆ ಬಂದ ಒಂದು ಮೂಟೆ ಬಿಚ್ಚಿದರೆ ಹರಿದ ಒಳಬಟ್ಟೆ, ಜಿಪ್ ಇಲ್ಲದ ಪ್ಯಾಂಟು. ನನ್ನ ಅಮ್ಮ ಅದರೊಳಗೆ ಕೈ ಹಾಕಿ, ಮೆಲ್ಲಗೆ ವಾಪಸ್ ತೆಗೆದು, ಸೆರಗಿಗೆ ಒರೆಸಿಕೊಂಡರು. ಅಷ್ಟನ್ನೇ ಬರೆದೆ. ಕೊಟ್ಟವರ ಮನಸ್ಸು ನೋಯಿಸಿದ ಕೃತಘ್ನ ಎಂದು ಎರಡು ದಿನ ಬೈದರು. ಹೆದರಿ ಅಳಿಸಿದೆ. ಯಾರೋ ಉಳಿಸಿಕೊಂಡಿದ್ದ ಪ್ರತಿ ಮರುದಿನವೇ ಹೊರಬಂತು, ಈ ಸಲ "ತಪ್ಪು ಗೊತ್ತಾಗಿ ಓಡಿಹೋದ" ಎಂಬ ಮಾತಿನ ಜೊತೆ. ಮೂಲವೇ ಇಲ್ಲದ ಮೇಲೆ ಪೂರ್ತಿ ಓದಿ ಎಂದು ತೋರಿಸಲು ನನ್ನ ಹತ್ತಿರ ಏನೂ ಉಳಿಯಲಿಲ್ಲ.

ಆಮೇಲೆ ಅದನ್ನು ಇದ್ದ ಹಾಗೇ ಮತ್ತೆ ಹಾಕಿ, ಮೇಲೆ ತಾರೀಖು ಸಮೇತ ನಾಲ್ಕು ಸಾಲು ಸೇರಿಸಿದೆ. ಮತ್ತೆ ಯಾರಿಗೂ ಉತ್ತರ ಕೊಡಲಿಲ್ಲ. ನನ್ನ ಭಾವನ ಕೈಗೆ ಫೋನ್ ಕೊಟ್ಟೆ. ಅವರು ದಿನಕ್ಕೊಂದು ಸಲ ಎಲ್ಲ ಓದಿ, ನನಗೆ ತಿಳಿಯಲೇಬೇಕಾದದ್ದು ಇದ್ದರೆ ಮಾತ್ರ ಹೇಳುತ್ತಿದ್ದರು. ನಾಲ್ಕು ವಾರದಲ್ಲಿ ಅವರು ಹೇಳಿದ್ದು ಎರಡೇ ವಿಷಯ. ಗೌರಿ ಗಣೇಶದ ಹೊತ್ತಿಗೆ ಎಲ್ಲ ತಣ್ಣಗಾಗಿತ್ತು. ನಿಮ್ಮ ಮನೆಯಲ್ಲೂ ಅಂಥ ಒಬ್ಬರು ಇರಬೇಕು, ಅವರಿಗೆ ಫೋನ್ ಕೊಟ್ಟುಬಿಡಿ. ರಾತ್ರಿ ಹನ್ನೊಂದು ಗಂಟೆಗೆ ಹಾಸಿಗೆಯಲ್ಲಿ ಕೂತು ಓದಬೇಡಿ.

ಹಿರಿಯ, ಅಮ್ಮತ್ತಿ:

ಮನೆಯೊಳಗಿನ ಮಾತು, ಅದರಲ್ಲೂ ತೀರಿಕೊಂಡ ಹಿರಿಯರ ಮಾತು ಹೊರಗೆ ಹಾಕಬಾರದಿತ್ತು ತಂಗಿ. ನಾವು ಕಾರಣವರಿಗೆ ವರ್ಷಕ್ಕೊಮ್ಮೆ ಎಡೆ ಇಡುವವರು. ನಿಮ್ಮ ಒಕ್ಕದವರ ನೋವೂ ನೋವೇ. ಮೊದಲು ಅವರ ಹತ್ತಿರ ಹೋಗಿ ಕೂತು ಮಾತಾಡಿ.

ಕಪ್ಪು ಕೋಟು, ವಿರಾಜಪೇಟೆ:

ವಕೀಲಿಕೆ ಮಾಡುತ್ತೇನೆ, ಫೋಟೋ ವಿಷಯದಿಂದ ಶುರು ಮಾಡುತ್ತೇನೆ. ಅಲ್ಲಿ ನಿಮಗೆ ನಿಜವಾದ ಹಿಡಿತ ಇದೆ.

1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಕಲಮಿನ ಪ್ರಕಾರ, ದುಡ್ಡು ಕೊಟ್ಟು ಹೇಳಿ ತೆಗೆಸಿದ ಫೋಟೋದ ಮೊದಲ ಹಕ್ಕುದಾರರು ತೆಗೆಸಿದವರು. ಬೇರೆ ಕರಾರು ಇದ್ದರೆ ಮಾತ್ರ ಇದು ಬದಲಾಗುತ್ತದೆ. ಮದುವೆಯ ಫೋಟೋಗ್ರಾಫರ್‌ಗೆ ದುಡ್ಡು ಕೊಟ್ಟದ್ದು ನಿಮ್ಮ ಅಣ್ಣ ತಾನೆ? ಹಾಗಾದರೆ ದೂರು ಅವರ ಹೆಸರಿನಲ್ಲಿ ಹೋಗಲಿ. ಜಾಲತಾಣಗಳು ದೂರು ಅಧಿಕಾರಿಯನ್ನು ನೇಮಿಸಿ ಅವರ ವಿವರ ಪ್ರಕಟಿಸಬೇಕು ಎಂದು 2021ರ ಮಾಹಿತಿ ತಂತ್ರಜ್ಞಾನ ನಿಯಮಗಳು ಹೇಳುತ್ತವೆ. ಕೊಂಡಿ, ತಾರೀಖು, ಮೂಲ ಫೋಟೋ ಮೂರನ್ನೂ ಸೇರಿಸಿ ಬರೆಯಿರಿ.

ನಿಮ್ಮ ವಾಕ್ಯವನ್ನು ಎತ್ತಿ ಟೀಕಿಸಿದ್ದಕ್ಕೆ ಹಾಗೆ ಆಗುವುದಿಲ್ಲ. ಟೀಕೆಗಾಗಿ ಉದ್ಧರಿಸುವುದನ್ನು ಅದೇ ಕಾಯ್ದೆಯ 52ನೇ ಕಲಂ ಒಪ್ಪುತ್ತದೆ. ಮನಸ್ಸಿಗೆ ನೋವಾಗುವಂತೆ ಬರೆದರು ಎಂಬುದಷ್ಟೇ ಅಪರಾಧವೂ ಅಲ್ಲ. ಆ ಥರದ ಕೇಸು ಹಾಕಲು ಬಳಸುತ್ತಿದ್ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಕಲಮನ್ನು ಸುಪ್ರೀಂ ಕೋರ್ಟ್ 2015ರ ಮಾರ್ಚ್ 24ರಂದೇ ರದ್ದು ಮಾಡಿದೆ. ಮಾನನಷ್ಟ ಈಗ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಂ. ಅದಕ್ಕೆ ಪೊಲೀಸರು ನೇರವಾಗಿ ಎಫ್‌ಐಆರ್ ಹಾಕುವುದಿಲ್ಲ, ಮ್ಯಾಜಿಸ್ಟ್ರೇಟ್ ಮುಂದೆ ನೀವೇ ಖಾಸಗಿ ದೂರು ಕೊಡಬೇಕು. ಅರ್ಧ ಕತ್ತರಿಸಿ ಅರ್ಥ ತಿರುಚಿದರು ಎಂದು ವಾದಿಸಬಹುದು, ವಾದದಲ್ಲಿ ಸತ್ವವೂ ಇದೆ. ಆದರೆ ನೀವು ನನ್ನ ಮುಂದೆ ಕೂತಿದ್ದರೆ ಬೇಡ ಅನ್ನುತ್ತಿದ್ದೆ. ಕೇಸು ವರ್ಷಗಟ್ಟಲೆ ನಡೆಯುತ್ತದೆ, ಸಾಕ್ಷಿಯ ಹೊತ್ತಿಗೆ ಆ ಮುಚ್ಚಳದ ಪ್ಯಾರಾವನ್ನು ತುಂಬಿದ ಕೋರ್ಟಿನಲ್ಲಿ ಗಟ್ಟಿಯಾಗಿ ಓದುತ್ತಾರೆ.

ಬೆದರಿಕೆ, ಅಶ್ಲೀಲ ಮಾತು, ಮನೆ ವಿಳಾಸ ಹಾಕುವುದು, ಇವು ಬಂದರೆ ಮಾತ್ರ ಕಾಯಬೇಡಿ. ಅದೇ ದಿನ ಠಾಣೆಗೆ ಹೋಗಿ. ಹೆಣ್ಣಿನ ಮಾನಕ್ಕೆ ಕುಂದು ತರುವ ಮಾತಿಗೆ ನ್ಯಾಯ ಸಂಹಿತೆಯ 79ನೇ ಕಲಂ, ಬೆನ್ನು ಬಿದ್ದು ಕಾಡುವುದಕ್ಕೆ 78ನೇ ಕಲಂ ಇದೆ. ಬಂದ ಸಂದೇಶ ಯಾವುದನ್ನೂ ಸಿಟ್ಟಿನಲ್ಲಿ ಅಳಿಸಬೇಡಿ.

ಲೈನ್ ಮನೆ ಹುಡುಗ:

ನಾನು ಸಿದ್ದಾಪುರದ ಕಡೆಯ ಒಂದು ತೋಟದ ಲೈನ್ ಮನೆಯಲ್ಲಿ, ಅಂದರೆ ಕೆಲಸದವರ ಸಾಲುಮನೆಯಲ್ಲಿ ಬೆಳೆದವನು. ಈಗ ಮೈಸೂರಿನಲ್ಲಿ ಕೆಲಸ. ನಿಮ್ಮ ಬರಹ ಪೂರ್ತಿ ಓದಿದೆ, ಎರಡು ಸಲ.

ಮುಚ್ಚಳದಲ್ಲಿ ನಾನೂ ತಿಂದಿದ್ದೇನೆ. ತೊಳೆದು ಬೋರಲು ಇಡು ಎಂದು ನಮಗೆ ಅಮ್ಮಂದಿರೇ ಹೇಳಿಕೊಡುತ್ತಿದ್ದರು, ತೊಳೆಯದೆ ಇಟ್ಟರೆ ಮುಂದಿನ ಸಲ ಸಿಗುವುದಿಲ್ಲ ಎಂದು. ನೀವು ಅದನ್ನು ಗಮನಿಸಿ ಬರೆದದ್ದಕ್ಕೆ ನನಗೆ ಸಿಟ್ಟಿಲ್ಲ. ಬರೆಯದೆ ಇದ್ದವರ ಮನೆಯಲ್ಲೂ ಅದೇ ನಡೆಯುತ್ತದೆ.

ಸಿಟ್ಟು ಬಂದದ್ದು ಬೇರೆ ಕಡೆ. ಅಳಿಸಲೇ, ಉತ್ತರ ಬರೆಯಲೇ, ಫೋಟೋ ತೆಗೆಸಲೇ ಎಂದು ಕೇಳಿದಿರಿ. ಎಲ್ಲವೂ ನಿಮ್ಮ ಬಗ್ಗೆ. ಆ ತಾಯಿಯ ಸುದ್ದಿ ನಿಮ್ಮ ಪ್ರಶ್ನೆಯಲ್ಲಿ ಇಲ್ಲ. ಬರಹದಲ್ಲಿ ಪಂಪ್‌ಹೌಸ್ ಪಕ್ಕದ ಮೂರು ಕೋಣೆಯ ಲೈನ್ ಎಂದಿದ್ದೀರಿ. ಆಕೆ ಯಾವ ಜಿಲ್ಲೆಯವಳು, ಗಂಡ ಯಾಕೆ ಜೊತೆಗಿಲ್ಲ ಎಂಬುದನ್ನೂ ಬರೆದಿದ್ದೀರಿ. ನಿಮ್ಮ ಊರಿನಲ್ಲಿ ಕೆಲಸ ಮಾಡುವ ಯಾರಿಗಾದರೂ ಅದು ಯಾರೆಂದು ಗೊತ್ತಾಗುತ್ತದೆ. ನಿಮ್ಮ ಫೋಟೋ ಹಾಕಿದವರು ನಿಮ್ಮನ್ನು ಕೇಳಲಿಲ್ಲ. ಆಕೆಯ ಬದುಕು ಬರೆಯುವಾಗ ನೀವು ಕೇಳಿದ್ದಿರಾ?

ಹೋಗಿ ಕೇಳಿ. ಕ್ಷಮೆ ಕೇಳಿದ್ದನ್ನು ಮತ್ತೊಂದು ಬರಹ ಮಾಡಬೇಡಿ.

ತೋಟದಕ್ಕ, ನಾಪೋಕ್ಲು:

ಇಷ್ಟು ದಿನ ಉತ್ತರಿಸದಿದ್ದಕ್ಕೆ ಕ್ಷಮಿಸಿ. ಸಿದ್ದಾಪುರದ ತಮ್ಮ ಬರೆದದ್ದನ್ನು ಓದಿ ಎರಡು ದಿನ ಸುಮ್ಮನೆ ಇದ್ದೆ. ಕ್ಷಮೆಯನ್ನು ಬರಹ ಮಾಡಬೇಡಿ ಎಂಬ ಮಾತು ನೆನಪಿದೆ. ಇಲ್ಲಿ ಕೇಳಿದ್ದಕ್ಕೆ ಇಲ್ಲಿ ಉತ್ತರ ಕೊಡಬೇಕು ಎಂದು ಇಷ್ಟು ಬರೆಯುತ್ತಿದ್ದೇನೆ, ಅದೂ ಆಕೆಯನ್ನು ಕೇಳಿಯೇ. ನನ್ನ ಪುಟದಲ್ಲಿ ಹಾಕುವುದಿಲ್ಲ.

ಭಾನುವಾರ ಸಂತೆ ಮುಗಿಸಿ ಬಂದ ಮೇಲೆ ಲೈನಿಗೆ ಹೋದೆ. ಆಕೆ ಹೊರಗೆ ಸೌದೆ ಒಲೆಯ ಮುಂದೆ ಅನ್ನ ಬಸಿಯುತ್ತಿದ್ದಳು. ವಿಷಯ ಆಕೆಗೆ ಮೊದಲೇ ತಿಳಿದಿತ್ತು, ತಂಗಿಯ ಮಗ ಫೋನಿನಲ್ಲಿ ತೋರಿಸಿದ್ದನಂತೆ. ಆಕೆಗೆ ಅರ್ಧ ಕನ್ನಡ, ನನಗೆ ಅರ್ಧ ಹಿಂದಿ. ಬರೆದದ್ದನ್ನೆಲ್ಲ ಓದಿ ಹೇಳಿದೆ, ಗಂಡನ ಬಗ್ಗೆ ಬರೆದದ್ದನ್ನೂ. ಅದಕ್ಕೆ ಆಕೆ ತಲೆ ತಗ್ಗಿಸಿ, ಅದು ಬೇಡ, ತೆಗೀರಿ ಅಂದಳು. ಊರಿನ ಹೆಸರು, ಪಂಪ್‌ಹೌಸ್, ಎರಡೂ ಬೇಡ. ಅಲ್ಲೇ ಕಲ್ಲಿನ ಮೇಲೆ ಕೂತು ಮೂರನ್ನೂ ತೆಗೆದು, ಆಕೆಗೆ ತೋರಿಸಿದೆ.

ಮುಚ್ಚಳದ ಮಾತು ಆಕೆ ಎತ್ತಲಿಲ್ಲ. ನಾನೇ ಎತ್ತಿ, ತಪ್ಪಾಯಿತು ಅಂದೆ. ಆಕೆ ಸ್ವಲ್ಪ ಹೊತ್ತು ಬಿಟ್ಟು, "ತಟ್ಟೆ ಇರಲಿ ಅಕ್ಕ, ಅವತ್ತು ಚಳಿ ಇತ್ತು. ಮೆಟ್ಟಿಲ ಮೇಲೆ ಕೂತು ತಿಂದಳು" ಅಂದಳು. ಮುಚ್ಚಳದ ಬಗ್ಗೆ ಒಂದು ಪುಟ ಬರೆದಿದ್ದೆ. ಜನವರಿಯ ಸಂಜೆ, ಸ್ವೆಟರ್ ಇಲ್ಲದ ಮಗು, ತಣ್ಣನೆಯ ಕಲ್ಲಿನ ಮೆಟ್ಟಿಲು. ಒಳಗೆ ಒಲೆ ಉರಿಯುತ್ತಿತ್ತು. ಅದು ನನ್ನ ಕಣ್ಣಿಗೆ ಬಿದ್ದೇ ಇರಲಿಲ್ಲ.

ಬರಹ ಅಳಿಸಿಲ್ಲ. ಮೇಲೆ ಎರಡು ಸಾಲು, ತಾರೀಖು. ಇದರ ಒಂದು ತುಂಡು ಮಾತ್ರ ಹರಿದಾಡುತ್ತಿದೆ, ಪೂರ್ತಿ ಇಲ್ಲಿದೆ, ಇದರಲ್ಲಿರುವವರ ಕೋರಿಕೆಯಂತೆ ಕೆಲವು ವಿವರ ತೆಗೆದಿದ್ದೇನೆ ಎಂದಷ್ಟೇ. ಅಜ್ಜಿಯ ತಟ್ಟೆಯ ಮಾತು ಹಾಗೇ ಇದೆ. ಅಮ್ಮತ್ತಿಯ ಅಣ್ಣ ಹೇಳಿದ ಹಾಗೆ ನಮ್ಮ ಒಕ್ಕದ ಮೂಲಮನೆ ಐನ್‌ಮನೆಗೆ ಹೋಗಿ ಕೂತೆ, ಮಾತಾಡಿದೆ. ದೊಡ್ಡಪ್ಪನವರು ಒಪ್ಪಲಿಲ್ಲ, ಕಾಫಿ ಮಾತ್ರ ಕೊಡಿಸಿದರು. ಅವರಿಗಾಗಿ ಆ ಸಾಲು ತೆಗೆಯಲು ನನಗೆ ಆಗಲಿಲ್ಲ, ಅಜ್ಜಿಯ ಕೈ ಕಂಡ ಮೇಲೇ ನನ್ನ ಕೈ ನನಗೆ ಕಂಡದ್ದು.

ವಕೀಲರೇ, ಅಣ್ಣನ ಹೆಸರಿನಲ್ಲಿ ದೂರು ಹೋಯಿತು, ಮೂರನೇ ದಿನ ಆ ಪುಟದಿಂದ ಫೋಟೋ ತೆಗೆದರು. ವಾಟ್ಸಾಪ್‌ನಲ್ಲಿ ಇನ್ನೂ ಇದೆ. ಫೋನ್ ಈಗ ಮಗಳ ಹತ್ತಿರ.

ಕುಯ್ಲು ಇನ್ನು ಎರಡು ಎಕರೆ ಬಾಕಿ. ಸಂಜೆ ತೂಕದ ಹೊತ್ತಿಗೆ ಮಗು ಬಂದರೆ ಒಳಗೆ ಕರೆಯುತ್ತೇನೆ. ನಿನ್ನೆ ಕರೆದೆ, ಬಾಗಿಲ ತನಕ ಬಂದು ನಿಂತಳು, ಒಳಗೆ ಬರಲಿಲ್ಲ.