ಒಣ ಕಲ್ಲಿಗೆ ಯಂತ್ರ ಹಿಡಿಯಬೇಡಿ

ಸುಧಾ, ನಮ್ಮ ಮನೆಯವರ ಗುಂಪಿನಲ್ಲಿ ನಿನ್ನ ಮೆಸೇಜು ಈಗ ಓದಿದೆ. ಟೈಪ್ ಮಾಡುತ್ತಾ ಕುಳಿತರೆ ಸಂಜೆಯಾಗುತ್ತದೆ, ಅದಕ್ಕೇ ಮಾತನಾಡಿ ಕಳಿಸುತ್ತಿದ್ದೇನೆ, ಪೂರ್ತಿ ಕೇಳು. ಮಗ ಕಲ್ಲು ಹೊಳಪು ಮಾಡುವ ಯಂತ್ರ ತರಿಸಿಕೊಂಡಿದ್ದಾನೆ, ಅದು ಗ್ಯಾಲರಿಯಲ್ಲಿ ಹಗಲು ರಾತ್ರಿ ಗರಗರ ತಿರುಗುತ್ತದೆ, ಮುಚ್ಚಳ ತೆಗೆದರೆ ಬೂದು ಬಣ್ಣದ ಕೆಸರು, ಅದರಿಂದ ಹುಡುಗನ ಎದೆಗೆ ಏನಾದರೂ ಆದೀತೇ, ಕೆಸರನ್ನು ಬಚ್ಚಲಿಗೆ ಸುರಿಯಬಹುದೇ ಎಂದು ಕೇಳಿದ್ದೀಯ. ಅದಕ್ಕೆ ಆಮೇಲೆ ಬರುತ್ತೇನೆ. ನನ್ನ ಎದೆ ಧಸಕ್ಕೆಂದದ್ದು ನಿನ್ನ ಕೊನೆಯ ಸಾಲಿಗೆ. ಕಲ್ಲು ಸೀಳಿ ಒಳಗಿನ ಬಣ್ಣ ನೋಡಬೇಕು, ಕಟಿಂಗ್ ಮಷಿನ್ ಕೊಡಿಸು ಎಂದು ಹಟ ಹಿಡಿದಿದ್ದಾನಂತೆ. ಕೊಡಿಸಬೇಡ. ಒಣ ಕಲ್ಲಿಗೆ ಯಂತ್ರ ಹಿಡಿಯಬಾರದು, ಮನೆಯಲ್ಲಂತೂ ಹಿಡಿಯಲೇಬಾರದು.

ನಿನ್ನ ದೊಡ್ಡಪ್ಪನ, ಅಂದರೆ ನನ್ನ ಅಣ್ಣನ, ವಿಷಯ ನಿಮಗೆಲ್ಲ ಗೊತ್ತೇ ಇದೆ. ಆದರೆ ಹೇಗಾಯಿತು ಎಂಬುದು ನಿಮ್ಮ ಪೀಳಿಗೆಗೆ ಸರಿಯಾಗಿ ತಿಳಿದಿಲ್ಲ. ಇಳಕಲ್ಲಿನ ಕೆಂಪು ಗ್ರಾನೈಟ್‌ಗೆ ಎಲ್ಲೆಡೆಯಿಂದ ಬೇಡಿಕೆ ಬರುತ್ತಿದ್ದ ಕಾಲ, ಅಣ್ಣ ಎಸ್ಸೆಸ್ಸೆಲ್ಸಿ ಮುಗಿಸಿದವನೇ ಅಲ್ಲಿ ಒಂದು ಶೆಡ್ಡಿಗೆ ಸೇರಿದ. ದೊಡ್ಡ ಗರಗಸದ ಮೇಲೆ ನೀರು ಬೀಳುತ್ತಲೇ ಇರುತ್ತಿತ್ತು, ಅಲ್ಲಿ ನಿಂತವರಿಗೆ ಅಷ್ಟು ತೊಂದರೆ ಇರಲಿಲ್ಲ. ಅಣ್ಣನದು ಅಂಚು ಕೊರೆಯುವ ಕೆಲಸ, ಕೈ ಯಂತ್ರ, ಎಲ್ಲವೂ ಒಣ. ಬಾಯಿಗೆ ಒಂದು ಟವೆಲ್ ಸುತ್ತಿಕೊಂಡರೆ ಮುಗಿಯಿತು. ಸಂಜೆ ಮನೆಗೆ ಬಂದಾಗ ಅವನ ರೆಪ್ಪೆಯ ಕೂದಲೂ ಬೆಳ್ಳಗಿರುತ್ತಿತ್ತು. ಅವ್ವ ಅಂಗಿಯನ್ನು ಅಂಗಳದಲ್ಲೇ ಬಿಚ್ಚಿಸಿ, ಕಟ್ಟೆಯ ಮೇಲೆ ಬಡಿದು ಕೊಡವುತ್ತಿದ್ದಳು. ಆ ಧೂಳು ಅವಳ ಮೂಗಿಗೂ ಹೋಗುತ್ತಿತ್ತು, ಪಕ್ಕದಲ್ಲಿ ಆಡುತ್ತಿದ್ದ ನಮಗೂ ಹೋಗುತ್ತಿತ್ತು. ಕಣ್ಣಿಗೆ ಕಾಣುವ ಧೂಳು ಹೇಗೋ ನೆಲಕ್ಕೆ ಬೀಳುತ್ತದೆ, ಕಾಣದಷ್ಟು ಸಣ್ಣದು ಗಾಳಿಯಲ್ಲೇ ನಿಂತು ಎದೆಯ ತಳಕ್ಕೆ ಇಳಿಯುತ್ತದೆ ಎಂದು ನಮಗೆ ಯಾರು ಹೇಳಿದ್ದರು?

ಕೆಲವು ವರ್ಷಗಳಾದ ಮೇಲೆ ಬಾದಾಮಿಗೆ ಹೋದಾಗ ಗುಹೆಯ ಮೆಟ್ಟಿಲಲ್ಲಿ ಅವನು ನಡುವೆಯೇ ಕುಳಿತುಬಿಟ್ಟ. ಇನ್ನೂ ಮಕ್ಕಳು ಚಿಕ್ಕವರಿದ್ದ ವಯಸ್ಸು. ಮೊದಲು ಕ್ಷಯ ಎಂದರು, ಕ್ಷಯದ ಮಾತ್ರೆ ನುಂಗಿಸಿದರು. ಕೆಮ್ಮು ಹೋಗಲಿಲ್ಲ. ಕೊನೆಗೆ ಹುಬ್ಬಳ್ಳಿಯಲ್ಲಿ ಒಬ್ಬ ವೈದ್ಯರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, ‘ನೀವು ಏನು ಕೆಲಸ ಮಾಡುತ್ತೀರಿ?’ ಎಂದು ಕೇಳಿದರು. ಅದುವರೆಗೆ ಯಾರೂ ಆ ಪ್ರಶ್ನೆ ಕೇಳಿರಲಿಲ್ಲ. ಸಿಲಿಕೋಸಿಸ್ ಎಂದರು. ಕಲ್ಲಿನಲ್ಲಿರುವ ಸಿಲಿಕಾ ಎಂಬ ಖನಿಜದ ಧೂಳಿನಿಂದ ಶ್ವಾಸಕೋಶದಲ್ಲಿ ಗಾಯದ ಕಲೆ ಕಟ್ಟುತ್ತದೆ, ಕೆಲಸ ಬಿಟ್ಟ ಮೇಲೂ ಅದು ಬೆಳೆಯಬಹುದು, ಗುಣಪಡಿಸುವ ಔಷಧಿ ಇಲ್ಲ ಎಂದರು.

ಅದು ಕಾರ್ಖಾನೆ, ನಮ್ಮದು ಮನೆ ಎನ್ನಬೇಡ. ಗುಜರಾತಿನ ಖಂಭಾತಿನಲ್ಲಿ ಅಗೇಟ್ ಕಲ್ಲನ್ನು ಮನೆಗಳಲ್ಲೇ ಉಜ್ಜಿ ಮಣಿ ಮಾಡುತ್ತಾರೆ, ಅಲ್ಲಿಯೂ ಇದೇ ಕಾಯಿಲೆ. ಹುಡುಗ ಮಲಪ್ರಭೆಯ ದಂಡೆಯಿಂದ ತಂದ ಬೆಣಚುಕಲ್ಲೂ ಅಗೇಟಿನ ಹಾಗೆ ಸಿಲಿಕಾವೇ. ಒಣ ಕಲ್ಲಿಗೆ ಯಂತ್ರ ಹಿಡಿಯಬಾರದು, ಕರವಸ್ತ್ರ ಕಟ್ಟಿಕೊಂಡರೂ ಹಿಡಿಯಬಾರದು. ನೀರು ಹಾಕಿಕೊಂಡು ಕೊರೆಯುತ್ತೇನೆ ಎಂದಾನು. ಸಾಮಾನ್ಯ ಕೈ ಯಂತ್ರಕ್ಕೆ ನೀರು ತಗುಲಿದರೆ ಶಾಕ್ ಹೊಡೆಯಬಹುದು.

ಈಗ ಬಾಯಿ ಬಿಟ್ಟಿದ್ದೇನೆ, ಇನ್ನೊಂದನ್ನೂ ಹೇಳಿಯೇಬಿಡುತ್ತೇನೆ. ಕೋಲಾರದ ಚಿನ್ನದ ಗಣಿಯ ಕೆಲಸಗಾರರು ಈ ಧೂಳಿಗೆ ಬಲಿಯಾಗುತ್ತಿದ್ದ ಕಾಲದಲ್ಲಿ, 1940ರಲ್ಲಿಯೇ, ಮೈಸೂರು ಸಂಸ್ಥಾನ ಸಿಲಿಕೋಸಿಸ್‌ಗೆಂದು ನಿಯಮ ತಂದಿತ್ತು. 1948ರ ಕಾರ್ಖಾನೆ ಕಾಯ್ದೆಯ ರೋಗಗಳ ಪಟ್ಟಿಯಲ್ಲಿಯೂ ಈ ರೋಗವಿತ್ತು. ಅಣ್ಣನಿಗೆ ಏನು ಪರಿಹಾರ ಸಿಕ್ಕಿತು? ಹಾಜರಿ ಪುಸ್ತಕದಲ್ಲಿ ಅವನ ಹೆಸರೇ ಇರಲಿಲ್ಲ. ಬೀಡಿ ಸೇದಿ ಎದೆ ಕೆಡಿಸಿಕೊಂಡಿರಬೇಕು ಎಂದು ಮಾಲೀಕ ಹೇಳಿ ಕಳಿಸಿದ. ಅಣ್ಣ ಬೀಡಿ ಮುಟ್ಟಿದವನಲ್ಲ. ಅದಕ್ಕಿಂತ ನನಗೆ ಹೆಚ್ಚು ಸಂಕಟವಾದದ್ದು ನಮ್ಮವರೇ ನಡೆದುಕೊಂಡ ರೀತಿ. ಕ್ಷಯವಲ್ಲ ಎಂದು ವೈದ್ಯರು ಬರೆದುಕೊಟ್ಟ ಮೇಲೂ ಅವನಿಗೆ ಬೇರೆ ಲೋಟ. ಅತ್ತಿಗೆ ಆ ಚೀಟಿಯನ್ನು ಪರ್ಸಿನಲ್ಲಿಟ್ಟುಕೊಂಡು ಮನೆ ಮನೆಗೆ ತೋರಿಸುತ್ತಿದ್ದಳು. ಮದುವೆಯೊಂದರಲ್ಲಿ ಅವನ ಎಲೆಯನ್ನು ಪಂಕ್ತಿಯಿಂದ ಎತ್ತಿ ಹಿತ್ತಲ ಬಾಗಿಲ ಬಳಿ ಹಾಕಿದರು. ಅವನು ಎದ್ದುಹೋಗಲಿಲ್ಲ, ತಲೆ ತಗ್ಗಿಸಿ ಉಂಡ. ಹಾಕಿದವರಲ್ಲಿ ಕೆಲವರು ಈ ಗುಂಪಿನಲ್ಲೇ ಇದ್ದೀರಿ. ಹೆಸರು ಹೇಳುವುದಿಲ್ಲ, ಆದರೆ ಅಣ್ಣನ ತಿಥಿಗೆ ಬಂದು ಕಣ್ಣೀರು ಹಾಕಿದಾಗ ನನಗೆ ತಡೆಯಲಾಗಲಿಲ್ಲ.

ಇರಲಿ. ಸುಧಾ, ನೀನು ಕೇಳಿದ್ದಕ್ಕೆ ಬರುತ್ತೇನೆ. ತಿರುಗುವ ಡಬ್ಬಿಯ ಬಗ್ಗೆ ಹೆದರಬೇಡ. ಒಳಗೆ ನೀರಿರುತ್ತದೆ, ಮುಚ್ಚಳ ಬಿಗಿಯಾಗಿರುತ್ತದೆ, ಧೂಳು ಏಳುವುದಿಲ್ಲ. ಕಲ್ಲು ಸವೆಸಲು ಮೊದಲು ಒರಟು ಪುಡಿ, ಆಮೇಲೆ ನಡುವಿನದು, ಆಮೇಲೆ ನಯವಾದದ್ದು, ಕೊನೆಗೆ ಹೊಳಪಿನ ಪುಡಿ, ಒಂದೊಂದಕ್ಕೆ ಸುಮಾರು ಒಂದು ವಾರ. ಅವಸರ ಪಟ್ಟರೆ ಹೊಳಪು ಬರುವುದಿಲ್ಲ ಎಂದು ಹುಡುಗನಿಗೆ ಹೇಳು. ಒಂದು ಪುಡಿಯಿಂದ ಇನ್ನೊಂದಕ್ಕೆ ಹೋಗುವಾಗ ಕಲ್ಲನ್ನೂ ಡಬ್ಬಿಯನ್ನೂ ಚೆನ್ನಾಗಿ ತೊಳೆಯಬೇಕು, ಒರಟು ಪುಡಿಯ ಒಂದು ಕಣ ಉಳಿದರೂ ಕೊನೆಯಲ್ಲಿ ಗೀರು ಬೀಳುತ್ತದೆ. ಡಬ್ಬಿ ಮುಕ್ಕಾಲಿನಷ್ಟು ತುಂಬಿರಲಿ. ಶಹಾಬಾದ್ ಕಲ್ಲಿನಂಥ ಮೆತ್ತನೆಯದನ್ನು ಬೆಣಚುಕಲ್ಲಿನ ಜೊತೆ ಹಾಕಿದರೆ ಅದೇ ಸವೆದು ಹೋಗುತ್ತದೆ. ಮೊಳೆಯಿಂದ ಗೀರಿ ನೋಡಲಿ, ಗೀರು ಬಿದ್ದ ಕಲ್ಲನ್ನು ಬೇರೆ ಇಡಲಿ. ಒಳಗೆ ಕೆಲವೊಮ್ಮೆ ಅನಿಲ ಕಟ್ಟಿಕೊಂಡು ಮುಚ್ಚಳ ಉಬ್ಬುತ್ತದೆ, ದಿನಕ್ಕೊಮ್ಮೆ ಯಂತ್ರ ನಿಲ್ಲಿಸಿ ಮೆಲ್ಲಗೆ ತೆರೆದು ಮುಚ್ಚಲಿ.

ಕೆಸರನ್ನು ಮಾತ್ರ ಬಚ್ಚಲಿಗೂ ಸಿಂಕಿಗೂ ಸುರಿಯಬೇಡ, ಪೈಪಿನಲ್ಲಿ ಸಿಮೆಂಟಿನ ಹಾಗೆ ಕೂತುಬಿಡುತ್ತದೆ. ಹಳೆಯ ಬಕೆಟ್ಟಿನಲ್ಲೇ ತೊಳೆದು, ರಾತ್ರಿ ಹಾಗೇ ಬಿಟ್ಟು, ಮೇಲಿನ ತಿಳಿನೀರನ್ನು ಅಂಗಳದ ಮಣ್ಣಿಗೆ ಚೆಲ್ಲು. ತಳದ ಕೆಸರು ಹಸಿ ಇರುವಾಗಲೇ ಚೀಲದಲ್ಲಿ ಕಟ್ಟಿ ಕಸಕ್ಕೆ ಹಾಕು, ಒಣಗಿದರೆ ಅದೂ ಧೂಳೇ. ಗ್ಯಾಲರಿಯ ನೆಲಕ್ಕೆ ಚೆಲ್ಲಿದ್ದರೆ ಪೊರಕೆ ಮುಟ್ಟಬೇಡ, ಒದ್ದೆ ಬಟ್ಟೆಯಿಂದ ಒರೆಸು. ಕಟಿಂಗ್ ಮಷಿನ್ ವಿಷಯ ನೀನು ಹೇಳಿದರೆ ಅವನು ಕೇಳಲಾರ, ಭಾನುವಾರ ಫೋನ್ ಅವನ ಕೈಗೆ ಕೊಡು, ನಾನೇ ಮಾತನಾಡುತ್ತೇನೆ.